ಬೈಗುಳದ ಭಾಷೆ

ಕೋಪ ನನಗೆ ಮೂಗಿನ ತುದಿಯಲ್ಲೇ. ನನ್ನ ಗಂಡನಿಗೆ ಅದು ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಸರ್ಕಾರಿ ಗುಮಾಸ್ತಿಕೆಗೆಂದು ದೆಹಲಿಗೆ ಬಂದ ನಮ್ಮಂಥ ಮನೆಗಳಲ್ಲಿ ಒಂದು ರೂಢಿ: ಜಗಳ ಕನ್ನಡದಲ್ಲಿ, ಮರ್ಯಾದೆ ಹಿಂದಿಯಲ್ಲಿ. ದ್ವಾರಕಾದ ಫ್ಲ್ಯಾಟಿನ ಗೋಡೆಯಾಚೆಯವರಿಗೆ ಅರ್ಥವಾಗಬಾರದಲ್ಲ.

ಮೂರು ವರ್ಷದ ಹಿಂದೆ ನನ್ನ ಗಂಡನಿಗೆ ಮಿದುಳು ಜ್ವರ ಬಂತು. ಜೀವ ಉಳಿಯಿತು, ನೆನಪು ಉಳಿಯಲಿಲ್ಲ. ನನ್ನ ಗುರುತೂ ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು: ಮಿದುಳಿನ ಆಳದಲ್ಲಿ ಲಿಂಬಿಕ್ ವ್ಯವಸ್ಥೆ ಅಂತ ಇದೆ. ಅದರಲ್ಲಿ ನಡೆದದ್ದನ್ನು ನೆನಪಾಗಿಸುವ ಹಿಪೊಕ್ಯಾಂಪಸ್ ಹಾಳಾಗಿದೆ. ಪಕ್ಕದಲ್ಲೇ ಬಾದಾಮಿಯಷ್ಟಿರುವ ಅಮಿಗ್ಡಾಲಾ, ಭಯವನ್ನು ಹಿಡಿದಿಡುವಂಥದ್ದು, ಬಹುಪಾಲು ನೆಟ್ಟಗಿದೆ. ನನ್ನ ತಲೆಗೆ ಹೋದದ್ದು ಮೊದಲರ್ಧ ಮಾತ್ರ. ಹೇಗೂ ಮರೆಯುತ್ತಾರೆ ಅಂದುಕೊಂಡೆ.

ಆದ್ದರಿಂದ ಬೈದೆ. ಗ್ಯಾಸ್ ತೆರೆದಿಟ್ಟಾಗ ಬೈದೆ, ಊಟವಾದ ಹತ್ತು ನಿಮಿಷಕ್ಕೆ ಊಟ ಕೇಳಿದಾಗ ಬೈದೆ. ಏನು ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವರನ್ನು ನೋಡಿಕೊಳ್ಳಲು ಬರುವ ಹೆಂಗಸಿನ ಎದುರಿಗೇ, ಮುಖದಲ್ಲಿ ನಗು ತಂದುಕೊಂಡು, "ನೀವು ಯಾಕಾದ್ರೂ ಬದುಕಿದ್ರಿ?" ಅಂತ ಕನ್ನಡದಲ್ಲಿ ಕೇಳಿದ್ದೂ ಉಂಟು. ಮರುಕ್ಷಣ ಅವಳೊಂದಿಗೆ ಬೆಣ್ಣೆಯಂಥ ಹಿಂದಿ.

ಕಳೆದ ಚಳಿಗಾಲದಲ್ಲಿ ಮಗಳು ಬಂದಳು. ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, "ಪಾಪಾ, ಊಟ ಆಯ್ತಾ?" ಅಂದಳು. ಅವರು ಕುರ್ಚಿಯ ಮೂಲೆಗೆ ಸರಿದು ಕೈಯಿಂದ ಮುಖ ಮರೆಮಾಡಿಕೊಂಡರು. ಅವಳು ಗಾಬರಿಯಾಗಿ, ಏನಾಯಿತೆಂದು ಹಿಂದಿಯಲ್ಲಿ ಕೇಳಿದಳು: "ಕ್ಯಾ ಹುಆ ಪಾಪಾ?" ಅವರು ನಿಧಾನವಾಗಿ ಕೈ ಇಳಿಸಿದರು.

"ಅಮ್ಮಾ, ಕನ್ನಡ ಕೇಳಿದ್ರೆ ಪಾಪಾ ಡರ್ ಜಾತೇ ಹೈಂ. ಯಾಕೆ ಹೆದರ್ತಾರೆ?"

ಡಾಕ್ಟರು ಹೇಳಿದ ಎರಡನೆಯ ಅರ್ಧ ಆಗ ನನಗೆ ಅರ್ಥವಾಯಿತು. ಬೈದದ್ದನ್ನು ಅವರು ಮರೆತಿದ್ದರು, ಭಯವನ್ನಲ್ಲ. ನಾಚಿಕೆಯಿಂದ ಸತ್ತುಹೋದೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಗಳಿಗೆ ಕಾರಣ ಇಂದಿಗೂ ಹೇಳಿಲ್ಲ.

ಈಗ ಅವರೊಂದಿಗೆ ಹಿಂದಿಯಲ್ಲೇ ಮಾತಾಡುತ್ತೇನೆ. ಮೊನ್ನೆ ಸಂಜೆ ಬಾಲ್ಕನಿಯಲ್ಲಿ ಚಹಾ ಕೊಟ್ಟಾಗ ನನ್ನ ಕೈ ಹಿಡಿದುಕೊಂಡರು. ಗುರುತಿಲ್ಲದ ದಿನ ಅದು. ಒಳಗಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಈ ಮನೆಯಲ್ಲಿ ಯಾರೋ ಇದ್ದಾರೆ, ನನಗೆ ಹೆದರಿಕೆ ಅಂತ ಹಿಂದಿಯಲ್ಲಿ ಹೇಳಿದರು.

ಯಾರು ಅಂತ ಕೇಳಿದೆ.

ಗೊತ್ತಿಲ್ಲವೆಂದು ತಲೆಯಾಡಿಸಿದರು. "ಪತಾ ನಹೀಂ," ಅಂದರು. ನನ್ನನ್ನು ಹೋಗಗೊಡದಂತೆ ಕೈ ಇನ್ನಷ್ಟು ಬಿಗಿಯಾಗಿ ಹಿಡಿದರು. "ಬಸ್, ಆಪ್ ಮತ್ ಜಾನಾ."