ಮಂಜಿನ ದಿನ ಬೆರಿಲ್ ಬೇಯಿಸಿದ ಸ್ಕೋನು

ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಡಲಂಚಿನ ಚಹಾಮನೆಯ ಅಡುಗೆಕೋಣೆಯಲ್ಲಿ ಬೆರಿಲ್ ಚೆವರ್ಟನ್ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಹಿಟ್ಟಿಗೆ ಉಜ್ಜುತ್ತಿದ್ದಾರೆ. ಅಂಗೈ ತಾಗಿದರೆ ಬೆಣ್ಣೆ ಕರಗಿ, ಚಹಾದ ಜೊತೆ ತಿನ್ನುವ ಬನ್ನಿನಂಥ ಸ್ಕೋನು ಕಲ್ಲಾಗುತ್ತದೆ.

ನಿಜಕ್ಕೂ ಇವತ್ತಿನಿಂದ ಅವರಿಗೆ ಈ ಕೆಲಸವಿಲ್ಲ. ಚಹಾಮನೆಯನ್ನೂ ಪ್ರವಾಸದ ಬಸ್ಸನ್ನೂ ಹೊಸದಾಗಿ ಕೊಂಡ ಜೂಲಿಯನ್ ಸಮುದ್ರದಾಚೆಯ ದಡದವರು. ಕಾರ್ಖಾನೆಯ ಸ್ಕೋನು ತರಿಸುತ್ತೇನೆ, ನೀವು ಕಪ್ಪು-ಬಸಿ ತೊಳೆದರೆ ಸಾಕು ಎಂದಿದ್ದರು. ಆದರೆ ಮಂಜು ಕವಿದು, ಅದನ್ನು ತರಬೇಕಿದ್ದ ದೋಣಿ ಆಚೆ ದಡದಲ್ಲೇ ನಿಂತಿದೆ.

"ಇವತ್ತೊಂದಿನ ನೀವೇ ನೋಡ್ಕೊಳ್ಳಿ ಬೆರಿಲ್," ಎನ್ನುತ್ತಾರೆ ಜೂಲಿಯನ್.

"ಇಪ್ಪತ್ತು ವರ್ಷ ನೋಡ್ಕೊಂಡಿದೀನಿ. ಇನ್ನೊಂದಿನಕ್ಕೆ ಸಾಯಲ್ಲ ಬಿಡಿ."

ಮಾತೇನೋ ಹಗುರ. ಆದರೆ ಈ ಒಲೆ ಕೈತಪ್ಪಿದರೆ ಅವರಿಗೆ ದಿನ ದೂಡುವುದೇ ಕಷ್ಟ.

ಮಧ್ಯಾಹ್ನ ಗುಡ್ಡದ ತಿರುವಿನಲ್ಲಿ, ನಿನ್ನೆಯೇ ದ್ವೀಪಕ್ಕೆ ಬಂದಿಳಿದ ಪ್ರವಾಸಿಗರ ಬಸ್ಸಿನ ಹಾರ್ನ್ ಕೇಳುತ್ತದೆ. ಚಾಲಕ ಕೆನ್ ಆಟ್ರಿಲ್ ಅಲ್ಲಿ ಹಾರ್ನ್ ಒತ್ತಿದಾಗಲೇ ಬೆರಿಲ್ ಸ್ಕೋನಿನ ತಟ್ಟೆಗಳನ್ನು ಒಲೆಯೊಳಕ್ಕೆ ತಳ್ಳಿ ಬಾಗಿಲು ಮುಚ್ಚುವುದು. ಬಸ್ಸು ಇಳಿದು ಬರುವಷ್ಟರಲ್ಲಿ ಸ್ಕೋನು ಉಬ್ಬಿರುತ್ತದೆ.

"ಮಂಜಲ್ಲಿ ಏನೂ ಕಾಣ್ತಿಲ್ಲ. ಎಡಕ್ಕೆ ಸಮುದ್ರ, ಬಲಕ್ಕೆ ಸುಣ್ಣದ ಬಂಡೆ, ನನ್ನ ಮಾತು ನಂಬಿ ಅಂತ ಬಸ್ಸಲ್ಲಿದ್ದವರಿಗೆ ಅಂದೆ," ಎನ್ನುತ್ತಾ ಕೆನ್ ಒಳಬರುತ್ತಾನೆ. "ಒಬ್ಬಳು ಅಜ್ಜಿ, ಇದ್ರೂ ಇರಬಹುದು ಕಣಪ್ಪ ಅಂದ್ಲು. ಎಲ್ಲರೂ ಮುಖ ಊದಿಸ್ಕೊಂಡಿದಾರೆ. ಇನ್ನು ನಿನ್ನ ಕೈಲಿದೆ ಮಾರಾಯ್ತಿ."

"ನೀನು ಬಾಯಿ ಮುಚ್ಕೊಂಡು ಚಹಾ ಹೊತ್ಕೊಂಡು ಹೋಗು."

ಸ್ಕೋನು ಮೇಜಿಗೆ ಬಂದದ್ದೇ ತಡ, ಎರಡು ಸೀಮೆಗಳ ಹಳೇ ಜಗಳ ಶುರು. ಸ್ಕೋನಿಗೆ ಮೊದಲು ಬಳಿಯುವುದು ಕೆನೆಯೋ, ಜಾಮೋ? ಡೆವನ್ ಸೀಮೆಯ ದಂಪತಿ ಮೊದಲು ಕೆನೆ ಬಳಿದು ಮೇಲೆ ಜಾಮ್ ಹಾಕುತ್ತಾರೆ. ಮೊದಲು ಜಾಮ್ ಹಾಕುವ ಕಾರ್ನ್‌ವಾಲ್ ಸೀಮೆಯ ಅಜ್ಜಿ, "ಅಯ್ಯೋ, ಯಾರಾದ್ರೂ ಅಂಗಿ ಮೇಲೆ ಬನಿಯನ್ ಹಾಕ್ತಾರಾ?" ಎನ್ನುತ್ತಾರೆ. ಇಡೀ ಬಸ್ಸು ಎರಡು ಪಕ್ಷವಾಗಿ ನಗುತ್ತದೆ. ಮಂಜನ್ನು ಯಾರೂ ನೆನೆಯುವುದಿಲ್ಲ. ಹೊರಡೋಣ ಎಂದು ಕೆನ್ ಕರೆದರೆ ಏಳುವವರೇ ಇಲ್ಲ.

ಜೂಲಿಯನ್ ಅಡುಗೆಕೋಣೆಗೆ ಬರುತ್ತಾರೆ. ಇಷ್ಟು ದಿನ ಅವರು ತಿಂದಿದ್ದು ಸಂಜೆಗೆ ಉಳಿದ ತಣ್ಣನೆಯ ಸ್ಕೋನು. ಇವತ್ತು ಬಿಸಿಯದು ತಿಂದಿದ್ದಾರೆ, ಮೀಸೆಗೆ ಕೆನೆ ಮೆತ್ತಿದೆ.

"ಇನ್ನೊಂದು ಇದೆಯಾ?" ಎಂದು ಕೇಳಿ, ತಿಂದು ಮುಗಿಸಿ, "ಆ ಕಾರ್ಖಾನೆಯವರಿಗೆ ಬೇಡ ಅಂತ ಹೇಳ್ಬಿಡ್ತೀನಿ," ಎನ್ನುತ್ತಾರೆ. "ನಿಮಗೇನಾದ್ರೂ ಬೇಕಾ?"

ಬೆರಿಲ್ ಕೈಯ ಹಿಟ್ಟು ಒರೆಸಿಕೊಳ್ಳುತ್ತಾರೆ. ಖುಷಿ ಮುಖದ ತುಂಬ ಇದೆ, ಮಾತು ಮಾತ್ರ ಎಂದಿನಂತೆಯೇ.

"ಒಲೆ ಬಾಗಿಲು ರಿಪೇರಿ ಮಾಡ್ಸಿ. ಅದು ತೆರ್ಕೊಳ್ಳದ ಹಾಗೆ ಕುರ್ಚಿ ಒತ್ತಿಟ್ಟು ಬೇಯಿಸ್ತೀನಿ. ನಂಗೆ ಕೂರೋಕೆ ಆ ಕುರ್ಚಿ ಬೇಕು."