ಗಾಡಿ ಎಣಿಸಿದ ಸೋಮವಾರ

ನಮ್ಮೂರು ಶಿಕಾರಿಪುರ ತಾಲೂಕಿನ ಅಂಚಿನದು. ಹಳ್ಳ ದಾಟಿದರೆ ಸೊರಬ ತಾಲೂಕು. ಆಚೆ ದಿಬ್ಬದ ಮೇಲೆ ಕಾಣುವುದೇ ಅಕ್ಕನ ಗಂಡನ ಮನೆ. ಬೇಸಿಗೆಯಲ್ಲಿ ಸೀರೆ ಎತ್ತಿಕಟ್ಟಿ ದಾಟಿಬಿಡುತ್ತಿದ್ದೆವು. ಮಳೆಗಾಲದಲ್ಲಿ ಅದೇ ಮನೆ ಕಾಶಿಯಷ್ಟು ದೂರ. "ಮೊದಲ್ನೇ ಹೆರಿಗಿ ಮಳಿಗಾಲ್ದಾಗ ಬಂದ್ರ ಹುಡುಗೀನ ಹೆಂಗ್ ಕರ್ಕಂಬರ್ತೀರಿ?" ಎಂದು ಅವ್ವ ದಿನಾ ಅಪ್ಪನ ತಲೆ ತಿನ್ನುತ್ತಿದ್ದಳು. ಅಪ್ಪ ಸೇತುವೆ ಬೇಕೆಂದು ಕಚೇರಿ ಕಚೇರಿ ಅಲೆದ.

ಐವತ್ತರ ದಶಕ ಕೊನೆಗೆ ಬರುತ್ತಿದ್ದಾಗ, ಸುಗ್ಗಿ ಮುಗಿದ ಮೇಲೆ, ಅಂತೂ ಒಬ್ಬ ಇಂಜಿನಿಯರ್ ಬಂದ. ಹಳ್ಳದ ದಡದಲ್ಲಿ ಮರದಡಿ ಮೇಜು ಹಾಕಿಕೊಂಡು ಕೂತ. ಅವತ್ತು ಎಷ್ಟು ಗಾಡಿ ದಾಟುತ್ತವೆಂದು ಎಣಿಸಿ, ಅದರ ಮೇಲೆ ಮುಂದಿನ ಇಪ್ಪತ್ತು ವರ್ಷ ಎಷ್ಟು ದಾಟಬಹುದೆಂದು ಅಂದಾಜು ಮಾಡುತ್ತಾರಂತೆ. ಅಂದಾಜು ದೊಡ್ಡದಿದ್ದ ಕಡೆ ಸೇತುವೆ.

ಬಂದದ್ದು ಸೋಮವಾರ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಉಳುವುದೂ ಇಲ್ಲ, ಗಾಡಿ ಹೂಡುವುದೂ ಇಲ್ಲ. ಉಳಿದ ದಿನ ಬೆಲ್ಲದ ಗಾಡಿ, ಭತ್ತದ ಗಾಡಿ ಎಂದು ಸಾಲುಗಟ್ಟುತ್ತಿದ್ದ ದಾರಿಯಲ್ಲಿ ಅವತ್ತು ನಾಯಿಗಳು ಮಲಗಿದ್ದವು.

ನಾನು ಮಜ್ಜಿಗೆ ಒಯ್ದಾಗ ಅಪ್ಪ ಕೈಮುಗಿದು ಹೇಳುತ್ತಿದ್ದ: "ಸಾಹೇಬ್ರ, ನಾಳೆ ಒಂದಿನ ಕುಂದ್ರಿ. ಗಾಡಿ ನೋಡಿ ನೋಡಿ ನಿಮ್ಗ ಸಾಕಾಕೈತಿ."

"ನಾಳೆ ಬೇರೆ ಕಡೆ ಹಾಕಿದಾರೆ ಯಜಮಾನ್ರೆ. ಇವತ್ತೇ ನಿಮ್ಮೋರಿಗೆ ಹೇಳಿ ನಾಲ್ಕು ಗಾಡಿ ಹೂಡಿಸಿ. ಖಾಲಿ ಗಾಡಿ ಆದ್ರೂ ಪರವಾಗಿಲ್ಲ, ಬರ್ಕೋತೀನಿ."

ಪಾಪ, ಇಂಜಿನಿಯರ್ ಒಳ್ಳೆಯವನೇ. ಅಪ್ಪ ನಕ್ಕುಬಿಟ್ಟ. "ಸೋಮಾರ ಬಸವಣ್ಣನ ಹೆಗಲಿಗೆ ನೊಗ ಇಡಾಕ ಬರ್ತೈತೇನ್ರಿ? ದಿನಾ ಹೋಗ್ತಾವು ಅಂತ ನಾನಾ ಬಾಯ್ಬಿಟ್ಟು ಹೇಳೀನಲ್ಲ, ಅಷ್ಟು ಬರ್ಕಳ್ರಿ, ಸಾಕು."

ತಾನು ಹೇಳಿದ್ದೇ ಲೆಕ್ಕ ಎಂದು ಅಪ್ಪ ನಂಬಿದ. ಇಂಜಿನಿಯರ್ ಮಜ್ಜಿಗೆ ಕುಡಿದು ತಲೆಯಾಡಿಸಿದ್ದನ್ನೇ ಒಪ್ಪಿಗೆ ಎಂದುಕೊಂಡು, ಸೇತುವೆ ಬಂದಂಗೇ ಅಂತ ಅವ್ವನಿಗೆ ಹೇಳಿದ. ಒಂದೇ ದಿನ ನೋಡಿ ಇಪ್ಪತ್ತು ವರ್ಷದ ಹಣೆಬರಹ ಬರೆಯುತ್ತಾರೆಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಪ್ಪನ ಮೇಲೂ ಸಿಟ್ಟಿದೆ. ಆದರೆ ಆ ಎತ್ತುಗಳ ಮೈ ತೊಳೆದು, ವಿಭೂತಿ ಹಚ್ಚಿ, ಮಗಳಂತೆಯೇ ನೋಡಿಕೊಂಡವನಿಗೆ ಏನು ಅನ್ನಲಿ?

ಸೇತುವೆ ಬೇರೆ ದಾರಿಗೆ ಹೋಯಿತು. ನಮ್ಮ ಹಳ್ಳದಲ್ಲಿ ಮುಂದೆಯೂ ಓಡಾಟ ಹೆಚ್ಚುವ ಸಂಭವ ಇಲ್ಲವಂತೆ.

ಮೂರನೇ ಮಳೆಗಾಲದ ಹೊತ್ತಿಗೆ ಅಲ್ಲಿ ಸೇತುವೆ ಎದ್ದಿತ್ತು; ಇಲ್ಲಿ ಅಕ್ಕ ಬಸುರಿ. ಕರೆತರಬೇಕೆಂದ ವಾರವೇ ಮಳೆ ಹಿಡಿಯಿತು. ಹಳ್ಳ ತುಂಬಿತು, ಹೊಸ ಸೇತುವೆಗೆ ಸುತ್ತಿ ಹೋಗುವ ದಾರಿಯೂ ಮುಳುಗಿತು. ಅಪ್ಪ ದಿನಾ ದಡಕ್ಕೆ ಹೋಗಿ ನಿಂತು ಬರುತ್ತಿದ್ದ. ನೀರು ಇಳಿಯಲಿಲ್ಲ. ಒಂದು ಬೆಳಗ್ಗೆ ಆಚೆ ದಡದಿಂದ ಯಾರೋ ಕೂಗಿ ಹೇಳಿದರು: ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ನಾನು ಅವ್ವನನ್ನು ಹಿಡಿದುಕೊಂಡು ಮನೆಯಲ್ಲೇ ಕೂತೆ. ದಡಕ್ಕೆ ಓಡಿದ್ದ ಅಪ್ಪ ಸಂಜೆ ತೊಯ್ದು ತೊಪ್ಪೆಯಾಗಿ ಬಂದು ಪಡಸಾಲೆಯಲ್ಲಿ ಕುಸಿದ.

"ಮಕ ನೋಡಿದ್ರೇನ್ರೀ?" ಅವ್ವ ಕೇಳಿದಳು.

"ಹುಡುಗೀನ ಕುಂದ್ರಿಸ್ಕಂಡು ಆಚಿ ದಂಡಿ ಮ್ಯಾಗ ಮಣ್ಣಿಗೆ ಹೊತ್ಕಂಡು ಹೋದ್ರು," ಎಂದ ಅಪ್ಪ. "ಒಂದೀಟು ಈ ಕಡಿ ತಿರುಗಿಸ್ರಪ್ಪಾ ಅಂತ ಕೂಗ್ದೆ. ನೀರಿನ ಸದ್ದಿಗೆ ಅವ್ರಿಗೆ ಕೇಳ್ಲಿಲ್ಲ."