ಹೆಳವ ಓದದ ಹೆಸರು

ಅಮ್ಮ ನನ್ನನ್ನು ಬೈಯುವಾಗಲೆಲ್ಲ ಅನುಮಾನದ ಪಿಶಾಚಿ ಅನ್ನುತ್ತಿದ್ದಳು. ಸುಳ್ಳಲ್ಲ ಬಿಡಿ. ಹಾಲಿಗೆ ನೀರು ಬೆರೆಸಿದ್ದನ್ನು ಮೂಸಿಯೇ ಹೇಳುವವಳು ನಾನು. ಹಾಗಾಗಿ ಮಲಯಾ ದೇಶದಿಂದ ಒಬ್ಬರು ಕೊಡ್ಲಿಪೇಟೆಯಲ್ಲಿ ಬಸ್ಸಿಳಿದು ಬಂದು, ನಮ್ಮ ಅಂಗಳದಲ್ಲಿ ನಿಂತು, "ಇದು ನನ್ನ ತಾತನ ಮನೆ" ಅಂದಾಗ, ನಾನು ಮೊದಲು ನೋಡಿದ್ದು ಅವರ ಕೈಯಲ್ಲಿದ್ದ ಚರ್ಮದ ಬ್ಯಾಗನ್ನು.

ಕೊಡಗು ಇನ್ನೂ ಕೂರ್ಗ್ ರಾಜ್ಯವಾಗಿದ್ದ ಕಾಲ. ನಾನು ಅಲ್ಲೇ ಸ್ಕೂಲಿನಲ್ಲಿ ಟೀಚರ್, ಇನ್ನೂ ಮದುವೆಯಾಗಿರಲಿಲ್ಲ. ಬಂದವರಿಗೆ ನಲವತ್ತು ದಾಟಿತ್ತು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಅವರ ತಾತ ಒಬ್ಬ ಬಿಳಿ ದೊರೆಯ ಹಿಂದೆ ಮಲಯಾಕ್ಕೆ ಹೋಗಿ ರಬ್ಬರ್ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಂತೆ. ಅಲ್ಲೇ ತೀರಿಕೊಂಡರಂತೆ. ಅವರು ನನ್ನ ಅಜ್ಜನ ಸ್ವಂತ ಅಣ್ಣನಂತೆ. ಎಲ್ಲಾ ಅಂತೆ ಅಂತೆಯೇ! ಅಜ್ಜ ಬದುಕಿದ್ದಷ್ಟು ದಿನ ತನಗೊಬ್ಬ ಅಣ್ಣ ಇದ್ದ ಅಂತ ಬಾಯಿ ಬಿಟ್ಟದ್ದನ್ನು ನಾವು ಯಾರೂ ಕೇಳಿರಲಿಲ್ಲ.

ಅವರು ಬ್ಯಾಗಿನಿಂದ ಒಂದು ದಪ್ಪ ಪುಸ್ತಕ ತೆಗೆದರು. ಹಿರಿಯರ ಮೂಲ ಹುಡುಕಿಕೊಡುವ ಸಂಘವೊಂದು ಸಿಂಗಾಪುರದಲ್ಲಿದೆಯಂತೆ. ಹಡಗು ಹತ್ತಿ ಬಂದು ಎಸ್ಟೇಟುಗಳಲ್ಲಿ ದುಡಿದವರ ಹೆಸರುಗಳನ್ನು ಒಟ್ಟುಮಾಡಿ ಆ ಸಂಘದವರೇ ಅಚ್ಚು ಹಾಕಿಸಿದ್ದು. ಅದರಲ್ಲಿ ಒಂದು ಸಾಲು ತೋರಿಸಿದರು: ಅವರ ತಾತನ ಹೆಸರು, ತಾತನ ತಂದೆಯ ಹೆಸರು, ಕೊಡ್ಲಿಪೇಟೆ, ಕೂರ್ಗ್. ತಂದೆಯ ಹೆಸರೇನೋ ನಮ್ಮ ಮುತ್ತಜ್ಜನದೇ. ಜೊತೆಗೆ ಸಂಘದವರ ಪತ್ರ, ಅದರ ಮೇಲೊಂದು ದುಂಡು ಸೀಲು.

ಅಪ್ಪಯ್ಯ ಸೀಲಿನ ಮೇಲೆ ಬೆರಳಾಡಿಸಿ, "ಆ ಹೆಸರಿನವರು ಈ ಕಡೆ ಊರಿಗೆ ಹತ್ತು ಜನ ಇದ್ರು. ಸೀಲು ಸಂತೇಲೂ ಮಾಡಿಕೊಡ್ತಾರೆ" ಅಂದರು.

ನಮಗೆ ಹೆದರಿಕೆ ಹೊಳೆದಂಡೆ ಗದ್ದೆಯದು. ಅಷ್ಟೂ ಗದ್ದೆ ಅಜ್ಜ ಒಬ್ಬರ ಹೆಸರಿನಿಂದ ಅಪ್ಪಯ್ಯನಿಗೆ ಬಂದಿತ್ತು. ಅಣ್ಣನೊಬ್ಬ ಇದ್ದದ್ದು ನಿಜವಾದರೆ ಅರ್ಧ ಕೈಬಿಟ್ಟ ಹಾಗೆಯೇ. ಬಂದವರಿಗೂ ಅದು ಅರ್ಥವಾಗಿರಬೇಕು. "ಗದ್ದೆ ಬೇಡ ಚಿಕ್ಕಪ್ಪ, ಮನೆ ಬೇಡ. ಹೆಳವರ ಪುಸ್ತಕದಲ್ಲಿ ನಮ್ಮಪ್ಪನ ಹೆಸರು ಬರೆಸಬೇಕು. ಸಾಯುವಾಗ ಅವರು ಕೇಳಿದ್ದು ಅದೊಂದೇ" ಅಂದರು. ಬಂದ ಅರ್ಧ ಗಂಟೆಗೇ ಚಿಕ್ಕಪ್ಪ! ನನಗೆ ಮೈಯೆಲ್ಲ ಉರಿಯಿತು.

ನಮ್ಮ ಮನೆಗಳ ವಂಶಾವಳಿ ಇಟ್ಟುಕೊಂಡವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಬಾಗಿಲಲ್ಲಿ ಕೂತು ಹಿರಿಯರ ಹೆಸರನ್ನೆಲ್ಲ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಭತ್ತ ಇಸಕೊಂಡು ಹೋಗುತ್ತಾರೆ. ನಮ್ಮ ಹೆಳವ ಆ ವಾರವೇ ಬರುವವನಿದ್ದ. "ಅವನ ಪುಸ್ತಕದಲ್ಲಿ ನಿಮ್ಮ ತಾತ ಇದ್ರೆ ಆಮೇಲೆ ಮಾತಾಡೋಣ" ಅಂದರು ಅಪ್ಪಯ್ಯ. ಆ ಓದು ವರ್ಷವರ್ಷವೂ ಕೇಳಿದ್ದೇ. ಅದರಲ್ಲಿ ಅಂಥ ಹೆಸರಿಲ್ಲ ಅನ್ನುವ ಧೈರ್ಯ.

ಆ ಮೂರು ದಿನ ನಾನು ಅವರ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಜಗಲಿ ಕಂಬ ಮುಟ್ಟಿದರೆ ಬೆಲೆ ಕಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು. ಅಮ್ಮನ ಅಕ್ಕಿರೊಟ್ಟಿ ಹೊಗಳಿದರೆ, ಬೆಣ್ಣೆ ಹಚ್ಚುತ್ತಿದ್ದಾನೆ ಆಸಾಮಿ ಅಂದುಕೊಳ್ಳುತ್ತಿದ್ದೆ. ಮೂರನೇ ದಿನ ಅವರು ಸ್ನಾನಕ್ಕೆ ಹೊಳೆಗೆ ಹೋದಾಗ ಬ್ಯಾಗು ಬಿಚ್ಚಿಯೇಬಿಟ್ಟೆ. ಮರ್ಯಾದಸ್ಥರು ಮಾಡುವ ಕೆಲಸವಲ್ಲ, ಗೊತ್ತು. ವಕೀಲರ ಕಾಗದ ಸಿಕ್ಕೇ ಸಿಗುತ್ತದೆ ಅಂತ ನನ್ನ ಲೆಕ್ಕ.

ಎರಡು ಪಂಚೆ, ಒಂದು ಟವೆಲ್. ತಳದಲ್ಲಿ ಬಟ್ಟೆ ಸುತ್ತಿದ ಹಳೇ ಕವರೊಂದಿತ್ತು. ಮಲಯಾದ ಸ್ಟಾಂಪು, ನಮ್ಮ ಮನೆ ವಿಳಾಸ. ಅಂಟು ಬಿಚ್ಚಿಯೇ ಇರಲಿಲ್ಲ. ಹಿಂದೆ ತಿರುಗಿಸಿದರೆ ಕನ್ನಡದಲ್ಲಿ ಎರಡು ಸಾಲು: ಈ ಮನೆಯವರಿಗೆ ಮಲಯಾದಲ್ಲಿ ಸಂಬಂಧಿಕರು ಯಾರೂ ಇಲ್ಲ. ವಾಪಸು ಕಳಿಸಿ.

ಅದು ನನ್ನ ಅಕ್ಷರ. ಮ ಬರೆಯುವಾಗ ಅದರ ಬಾಲವನ್ನು ಮೇಲಕ್ಕೆತ್ತಿ ಸುರುಳಿ ಸುತ್ತುವುದು ನನ್ನ ಚಟ, ಇವತ್ತಿಗೂ ಬಿಟ್ಟಿಲ್ಲ. ಯುದ್ಧಕ್ಕೆ ಮುಂಚೆ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಒಂದು ದಿನ ಪೋಸ್ಟಿನವನನ್ನು ಅಂಗಳದಲ್ಲೇ ನಿಲ್ಲಿಸಿ ಅಜ್ಜ ನನ್ನನ್ನು ಕರೆದಿದ್ದರು. "ನಿನ್ನ ಅಕ್ಷರ ಮುತ್ತಿನ ಹಾಗಿದೆ, ನಾನು ಹೇಳಿದ್ದು ಬರಿ." ಯಾರಿಗಜ್ಜ ಅಂತ ಕೇಳಿದೆ. "ಯಾರಿಗೂ ಅಲ್ಲ, ಬರಿ." ಬರೆದದ್ದಕ್ಕೆ ಒಂದು ಅಚ್ಚು ಬೆಲ್ಲ ಸಿಕ್ಕಿತ್ತು. ಅದನ್ನು ಇಡೀ ದಿನ ಚೀಪಿದ್ದೆ.

ಕವರನ್ನು ಇದ್ದ ಹಾಗೇ ಸುತ್ತಿಟ್ಟೆ, ಯಾರಿಗೂ ಹೇಳಲಿಲ್ಲ. ಇದೊಂದನ್ನು ಮುಂದಿಟ್ಟಿದ್ದರೆ ಮೊದಲ ದಿನವೇ ಅಪ್ಪಯ್ಯನ ಬಾಯಿ ಕಟ್ಟುತ್ತಿತ್ತಲ್ಲ, ಯಾಕೆ ತೋರಿಸಲಿಲ್ಲ ಇವರು? ಅದರಲ್ಲೂ ಏನೋ ಮಸಲತ್ತು ಇರಬೇಕು ಅಂತ ಹುಡುಕಿದೆ. ಸಿಗಲಿಲ್ಲ. ನಮ್ಮ ಅಂಗಳದಲ್ಲಿ ನಿಂತು ನಮ್ಮಜ್ಜನ ಮಾನ ತೆಗೆಯುವುದು ಅವರಿಗೆ ಬೇಡವಾಗಿತ್ತು, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಹೆಳವ ಬಂದ. ಮುತ್ತಜ್ಜ, ಅಜ್ಜ, ಅಪ್ಪಯ್ಯ ಅಂತ ವರ್ಷವೂ ಓದುವ ಹಾಗೇ ಓದಿದ. ಅಣ್ಣನ ಹೆಸರು ಬರಲಿಲ್ಲ. ಅಪ್ಪಯ್ಯ ಗೆದ್ದವರ ಹಾಗೆ ಕೆಮ್ಮಿದರು. ಬಂದವರು ತಲೆ ತಗ್ಗಿಸಿದರು. ಹೆಳವ ಮಾತ್ರ ಪುಸ್ತಕ ಮುಚ್ಚಲಿಲ್ಲ. ಆ ಹೊಸಬರನ್ನೇ ನೋಡುತ್ತ, "ಒಂದು ಹೆಸರು ಓದಿಲ್ಲ ಯಜಮಾನ್ರೇ" ಅಂದ. "ದೂರ ಹೋದ ಅಣ್ಣಂದು. ಓದಬೇಡ ಅಂತ ನಿಮ್ಮ ತಂದೆಯೋರು ನಮ್ಮಪ್ಪಂಗೆ ಹೇಳಿದ್ರಂತೆ. ಓದ್ತಿರ್ಲಿಲ್ಲ. ಆದ್ರೆ ಹೆಸರು ಅಳಿಸೋ ಪದ್ಧತಿ ನಮ್ಮಲ್ಲಿಲ್ಲ."

ಅಪ್ಪಯ್ಯನ ಮುಖ ಕಪ್ಪಿಟ್ಟಿತು. ಆದರೂ ಬಿಡಬೇಕಲ್ಲ! "ಇರಲಿ. ಇವರೇ ಅವನ ಮೊಮ್ಮಗ ಅನ್ನೋಕೆ ಏನು ಗ್ಯಾರಂಟಿ? ಅಚ್ಚಾದ ಪುಸ್ತಕ ಯಾರು ಬೇಕಾದ್ರೂ ಓದಿ ಬರಬಹುದು."

"ಮನೆಯೋರು ಒಪ್ಪಿದ್ರೆ ಮಾತ್ರ ಬರೆಯೋದು" ಅಂದ ಹೆಳವ.

ಅಪ್ಪಯ್ಯ ನನ್ನ ಕಡೆ ತಿರುಗಿದರು. "ನೀನೇನಂತೀಯ?" ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ ಅಂತ ಅವರಿಗೆ ಭರವಸೆ. ನಾನು ಬೇಡ ಅಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು. ಬಂದವರ ಕಡೆ ನೋಡಿದೆ. ಬ್ಯಾಗು ಕಾಲ ಹತ್ತಿರವೇ ಇತ್ತು. ಅವರು ಅದಕ್ಕೆ ಕೈ ಹಾಕಲಿಲ್ಲ.

"ಬರೀಬೇಕು ಅಪ್ಪಯ್ಯ. ಇವರು ನಮ್ಮೋರೇ. ನಂಗೊತ್ತು."

ಅಪ್ಪಯ್ಯ ಬೆಪ್ಪಾಗಿ ನನ್ನನ್ನೇ ನೋಡಿದರು. ಆಮೇಲೆ, ಬೇರೆ ದಾರಿ ಕಾಣದೆ, ತಲೆಯಾಡಿಸಿದರು. ಹೆಳವ ಪುಸ್ತಕವನ್ನು ನನ್ನ ಮುಂದಕ್ಕೆ ತಳ್ಳಿದ. "ಓದೋದೆಲ್ಲ ಬಾಯಿಪಾಠ. ಬರೆಯೋಕೆ ಕಣ್ಣು ಮಂಜಾಗಿದೆ ಟೀಚರಮ್ಮ, ನೀವೇ ಬರೀರಿ."

ಅವರ ತಾತನ ಹೆಸರಿನ ಕೆಳಗೆ 'ಮಗ' ಅಂತ ಬರೆದು, ಅವರ ಅಪ್ಪನ ಹೆಸರು ಬರೆದೆ. ಅದರ ಕೆಳಗೆ 'ಮೊಮ್ಮಗ' ಅಂತ ಬರೆದು ಅವರದನ್ನೂ ಸೇರಿಸಿದೆ. ಅವರು ಬಗ್ಗಿ ನೋಡುತ್ತಿದ್ದರು. ಕನ್ನಡ ಓದಲು ಬಾರದಿದ್ದರೂ, ಮನೆಯಲ್ಲಿ ವರ್ಷಗಟ್ಟಲೆ ಆ ಕವರಿನ ಮೇಲೆ ನೋಡಿದ ಸುರುಳಿ ಗುರುತು ಹತ್ತದೆ ಇರುತ್ತದೆಯೇ? ಒಂದೊಂದು ಮ ಮೇಲೂ ಬೆರಳಿಟ್ಟರು. ಆಮೇಲೆ ನನ್ನ ಮುಖ ನೋಡಿದರು.

"ಆಗ ನಿನಗೆ ಎಷ್ಟು ವಯಸ್ಸು ತಂಗಿ?"

"ಎಂಟು" ಅಂದೆ.

"ನಮ್ಮಪ್ಪ ಸಾಯೋವರೆಗೂ ಆ ಕೈಯನ್ನು ಬೈದರು" ಅಂದರು. "ಮಗು ಕೈ ಅಂತ ಗೊತ್ತಿದ್ದಿದ್ರೆ ಬೈತಿರಲಿಲ್ಲ."